ಮಕ್ಕಳೊಡನೆ ಬಯಲಿನ ಬಿಡಾರ



ರಜೆಯಲ್ಲಿ ಮಕ್ಕಳೊಡನೆ ಕಾವೇರಿ ತೀರದ ಭೀಮೇಶ್ವರಿ, ಗಾಳಿಬೋರೆಗಳಂತಹ ಶಿಬಿರಗಳಲ್ಲಿ ತಂಗುವುದು ಇಂದು ಅನೇಕ ಕುಟುಂಬಗಳ ರೂಢಿ. ಮರದ ನೆರಳು, ಹಕ್ಕಿಗಳ ಕೂಗು, ತಂದೆತಾಯಿಯರ ಬಿಡುವಿನ ಸಹವಾಸ, ಇವೆಲ್ಲ ಮಗುವಿನ ಬೆಳವಣಿಗೆಗೆ ಹಿತಕರ. ಆದರೆ ಗುಡಾರದ ರಾತ್ರಿಗೆ ಸಿದ್ಧತೆ ಅಗತ್ಯ.

ಒಂದು ಬೆಳಗಿನ ಜಾವ ಆರು ವರ್ಷದ ಬಾಲಕನೊಬ್ಬನನ್ನು ನನ್ನಲ್ಲಿಗೆ ಕರೆತಂದರು. ಗುಡಾರದ ನೆಲದ ಮೇಲೆ ಮಲಗಿದ್ದ ಮಗು ನಡುರಾತ್ರಿ ಹೊಟ್ಟೆನೋವೆಂದು ಅತ್ತಿತ್ತು. ಊಟ ಒಗ್ಗಿಲ್ಲವೆಂದು ಭಾವಿಸಿದ ಹಿರಿಯರು ಓಮದ ನೀರು ಕುಡಿಸಿ ಮಲಗಿಸಿದ್ದರು. ನಾನು ನೋಡಿದಾಗ ರೆಪ್ಪೆಗಳು ಜೋತುಬಿದ್ದಿದ್ದವು. ಎಂಜಲು ನುಂಗಲೂ ಆಗುತ್ತಿರಲಿಲ್ಲ. ಅದು ಕಟ್ಟುಹಾವಿನ ಕಡಿತ. ಈ ಹಾವು ಕಡಿದೆಡೆ ಸಾಮಾನ್ಯವಾಗಿ ಊತವಿರದು, ನೋವೂ ಅತ್ಯಲ್ಪ. ಗುರುತು ಕಾಣದೆಯೂ ಇರಬಹುದು. ಪ್ರತಿವಿಷದ ಚುಚ್ಚುಮದ್ದು ಕೊಟ್ಟು, ಉಸಿರಾಟಕ್ಕೆ ನೆರವು ನೀಡುತ್ತ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಮಗು ಉಳಿಯಿತು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದೇ ನನ್ನ ಭಾವನೆ.

ಆದ್ದರಿಂದ ಮಕ್ಕಳನ್ನು ಮಂಚದ ಮೇಲೆ ಮಲಗಿಸಿರಿ. ಸೊಳ್ಳೆಪರದೆಯ ಅಂಚನ್ನು ಸುತ್ತಲೂ ಹಾಸಿಗೆಯಡಿ ಸೇರಿಸಿರಿ. ಗುಡಾರದ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿರಿ. ಒಳಗೆ ತಿಂಡಿ ಇಡಬೇಡಿರಿ. ತಿಂಡಿಗೆ ಇಲಿ ಬರುವುದು, ಇಲಿಗೆ ಹಾವು ಬರುವುದು. ಕತ್ತಲಲ್ಲಿ ದೀಪವಿಲ್ಲದೆ ಹೊರಗೆ ಕಳುಹಿಸಬೇಡಿರಿ. ಪ್ರತಿವಿಷ ದೊರೆಯುವ ಸಮೀಪದ ಸರ್ಕಾರಿ ಆಸ್ಪತ್ರೆ ಯಾವುದೆಂದು ಹೊರಡುವ ಮುನ್ನವೇ ತಿಳಿದುಕೊಳ್ಳಿರಿ.

ಕಡಿತದ ಶಂಕೆ ಬಂದೊಡನೆ, ಗಾಯವನ್ನು ಕೊಯ್ಯಬೇಡಿರಿ, ಬಿಗಿದು ಕಟ್ಟಬೇಡಿರಿ, ಮಗುವನ್ನು ನಡೆಸಬೇಡಿರಿ. ಕೈಕಾಲು ಅಲುಗದಂತೆ ಎತ್ತಿಕೊಂಡು ಆಸ್ಪತ್ರೆಗೆ ಧಾವಿಸಿರಿ; 108ಕ್ಕೆ ಕರೆ ಮಾಡಿರಿ. ಬಯಲಿನಲ್ಲಿ ರಾತ್ರಿ ಕಳೆದ ಮಗು ಬೆಳಿಗ್ಗೆ ಹೊಟ್ಟೆನೋವೆಂದರೆ, ಮೊದಲು ಅದರ ಕಣ್ಣುರೆಪ್ಪೆಗಳನ್ನು ನೋಡಿರಿ. ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ.