ವೇಗದ ಲೆಕ್ಕ

ಕಮಲಾಪುರ, ಹುಮನಾಬಾದಗಳನ್ನು ಹಾದುಹೋಗುವ ಸುಮಾರು 110 ಕಿಲೋಮೀಟರುಗಳ ಕಲಬುರಗಿ–ಬೀದರ ರೈಲುಮಾರ್ಗವು 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿತು. 2024ರ ಮಾರ್ಚಿನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಆರಂಭವಾಯಿತು. ವೇಗವು ಸ್ವಾಗತಾರ್ಹವೇ. ಆದರೆ ಅದನ್ನು ಗಾಡಿಯ ಓಟದಿಂದಷ್ಟೇ ಅಳೆಯಲಾಗದು. ನಿಲ್ದಾಣದಲ್ಲಿ ಕಾಯುವ ಹೊತ್ತೂ ಪ್ರಯಾಣದ ಭಾಗವೇ. ಕಮಲಾಪುರದ ಕೆಂಪು ಬಾಳೆ ಬೆಳೆಗಾರನಿಗೂ ಕುಸನೂರಿನ ವಿದ್ಯಾರ್ಥಿಗೂ ಬೇಕಾದುದು ಬೆಳಿಗ್ಗೆ ಹೋಗಿ ಸಂಜೆ ಮರಳಲು ಅನುವಾಗುವ ಗಾಡಿ, ಅದಕ್ಕೆ ಹೊಂದುವ ಬಸ್ಸು.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ತಡೆ ಕಡಿಮೆ. ಆದುದರಿಂದಲೇ ರೈಲಿಗೆ ಇಂಧನ ಮಿತವಾಗಿ ಸಾಕು. ಆದರೆ ಬೋಗಿಗಳು ತುಂಬಿದಾಗ ಮಾತ್ರ ಈ ಲಾಭ ಜನರಿಗೆ ದಕ್ಕುತ್ತದೆ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕಾಗಿ ಘಟ್ಟದ ಕಾಡನ್ನು ಕೇಳುವವರು ಮೊದಲು ಹೇಳಲಿ: ಈಗಿರುವ ಹಳಿಗಳನ್ನು ಪೂರ್ತಿಯಾಗಿ ಬಳಸಿಕೊಂಡಿದ್ದೇವೆಯೇ?