ಕಂಪ್ಯೂಟರ್‌ನಾಗ ಪಾಸ್, ಗದ್ದ್ಯಾಗ ಫೇಲ್: ಪ್ಯಾಚ್ ಆಂಟೆನಾ ಕಥೆ

ಬಳ್ಳಾರಿಯಿಂದ ಮಾತಾಡ್ತಾ ಇದೀನಿ. ಇವತ್ತಿನ ವಿಷಯ ಸ್ವಲ್ಪ ಟೆಕ್ನಿಕಲ್. ನಾನು ಬಿ.ಕಾಂ. ಓದಿದೋಳು, ಹಾಗಾಗಿ ಸೂತ್ರಗಳ ಭಯ ಬೇಡ. ಲೆಕ್ಕ ಮಾತ್ರ ಬಿಡಲ್ಲ.

ಟೋಲ್‌ನಲ್ಲಿ ಗಾಡಿ ನಿಂತಾಗ ಮೇಲೆ ಒಂದು ಚಪ್ಪಟೆ ಡಬ್ಬ ಕಾಣುತ್ತಲ್ಲ, ಫಾಸ್ಟ್ಯಾಗ್ ಓದೋದು? ಅದರೊಳಗೆ ಸಾಮಾನ್ಯವಾಗಿ ಇರೋದು ಪ್ಯಾಚ್ ಆಂಟೆನಾ. ಲಾರಿಗಳ ಜಿಪಿಎಸ್ ಟ್ರ್ಯಾಕರ್ ಒಳಗೂ ಬಿಸ್ಕತ್ತಿನ ಹಾಗೆ ಒಂದು ಸೆರಾಮಿಕ್ ಬಿಲ್ಲೆ ಇರುತ್ತೆ, ಅದೂ ಪ್ಯಾಚೇ. ಕೆಳಗೆ ತಾಮ್ರದ ನೆಲ, ಮೇಲೆ ತಾಮ್ರದ ಒಂದು ಆಯತ, ನಡುವೆ ಕರೆಂಟ್ ಹರಿಯದ ಒಂದು ಹಾಳೆ. ಅಷ್ಟೇ. ಆ ನಡುವಿನ ಹಾಳೆಗೆ ಸಬ್‌ಸ್ಟ್ರೇಟ್ ಅಂತಾರೆ. ಎಲ್ಲ ಕಿರಿಕ್ಕೂ ಅಲ್ಲೇ.

ಸಿರುಗುಪ್ಪ ಕಡೆಯ ಹುಡುಗ ಒಬ್ಬ ಇದಾನೆ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಭತ್ತದ ಗದ್ದೆಯಲ್ಲಿ ನೀರು ಎಷ್ಟು ನಿಂತಿದೆ ಅಂತ ಪಂಪ್‌ಹೌಸ್‌ಗೆ ಸುದ್ದಿ ಕಳಿಸೋ ಸೆನ್ಸರ್ ಮಾಡ್ತಿದ್ದ. ತುಂಗಭದ್ರಾ ಕಾಲುವೆ ನೀರಿನ ಮೇಲೆ ಬದುಕೋ ಊರುಗಳಲ್ಲಿ ರಾತ್ರಿ ಎದ್ದು ಟಾರ್ಚ್ ಹಿಡ್ಕೊಂಡು ಗದ್ದೆಗೆ ಹೋಗೋದು ಎಲ್ಲರಿಗೂ ಗೊತ್ತು. 2024ರ ಆಗಸ್ಟ್‌ನಲ್ಲಿ ಡ್ಯಾಮ್‌ನ 19ನೇ ಗೇಟ್ ಕೊಚ್ಚಿಹೋದಾಗ ಒಂದೊಂದು ಇಂಚು ನೀರಿನ ಬೆಲೆ ಏನು ಅಂತ ಇನ್ನೊಮ್ಮೆ ಗೊತ್ತಾಯ್ತು. ಇವನು ಮನೆಯವರ ಚೀಟಿ ದುಡ್ಡು ಹಾಕಿ 50 ಬೋರ್ಡ್ ಮಾಡಿಸಿದ. ಬಂದ ಬೋರ್ಡ್‌ಗಳು ಎರಡು ಗದ್ದೆ ಆಚೆಗೂ ಸರಿಯಾಗಿ ಮುಟ್ಟಲಿಲ್ಲ. ನನಗೆ ಫೋನ್ ಮಾಡಿ, "ಅಕ್ಕಾ, ಕಂಪ್ಯೂಟರ್‌ನಾಗ ಪಾಸ್ ಆಗೈತಿ, ಗದ್ದ್ಯಾಗ ಫೇಲ್ ಆಗೈತಿ" ಅಂದ.

ಅವನು ಸಿಮ್ಯುಲೇಶನ್ ಸರಿಯಾಗೇ ಮಾಡಿದ್ದ. 2.45 ಗಿಗಾಹರ್ಟ್ಜ್‌ಗೆ, 1.6 ಮಿ.ಮೀ. ದಪ್ಪದ ಎಫ್‌ಆರ್-4 ಹಾಳೆ ಮೇಲೆ ಪ್ಯಾಚ್ ಸುಮಾರು 37 ಮಿ.ಮೀ. ಅಗಲ, 29 ಮಿ.ಮೀ. ಉದ್ದ ಬರುತ್ತೆ. ಎಫ್‌ಆರ್-4 ಅಂದ್ರೆ ನಮ್ಮ ಎಷ್ಟೋ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಇರೋ ಗ್ಲಾಸ್ ಎಪಾಕ್ಸಿ ಬೋರ್ಡು. ಉದ್ದ ಅಲೆಯ ಅರ್ಧದಷ್ಟಿರಬೇಕು, ಆದರೆ ಹಾಳೆಯೊಳಗೆ ಅಲೆ ಕುಗ್ಗುತ್ತೆ. ಎಷ್ಟು ಕುಗ್ಗುತ್ತೆ ಅನ್ನೋದನ್ನ ಹೇಳೋ ಸಂಖ್ಯೆಗೆ ಡೈಎಲೆಕ್ಟ್ರಿಕ್ ಕಾನ್ಸ್‌ಟಂಟ್ ಅಂತ ಹೆಸರು. ಹೆಸರಲ್ಲಿ ಕಾನ್ಸ್‌ಟಂಟ್ ಇದೆ, ಸ್ವಭಾವದಲ್ಲಿ ಇಲ್ಲ.

ಎಚ್‌ಎಫ್‌ಎಸ್‌ಎಸ್ ಅನ್ನೋ ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಎಫ್‌ಆರ್-4 ಅಂತ ಆರಿಸಿದ್ರೆ ತಾನಾಗೇ 4.4 ಅಂತ ತಗೊಳ್ಳುತ್ತೆ. ಕಲಬುರಗಿಯಲ್ಲಿ, ಗುಲ್ಬರ್ಗ ವಿಶ್ವವಿದ್ಯಾಲಯದ ಅನ್ವಯಿಕ ಎಲೆಕ್ಟ್ರಾನಿಕ್ಸ್ ವಿಭಾಗದವರು ವರ್ಷಗಟ್ಟಲೆ ಇದೇ ಪ್ಯಾಚ್ ಆಂಟೆನಾಗಳ ಮೇಲೆ ಸಂಶೋಧನೆ ಮಾಡಿದಾರೆ. ಅವರ ಎಷ್ಟೋ ಪೇಪರ್‌ಗಳಲ್ಲಿ ಇದೇ ಗ್ಲಾಸ್ ಎಪಾಕ್ಸಿಗೆ 4.2 ಅಂತ ಇದೆ. ಯಾರದ್ದೂ ತಪ್ಪಲ್ಲ. ಎಫ್‌ಆರ್-4 ಅನ್ನೋದು ಸೋನಾ ಮಸೂರಿ ಅಂದ ಹಾಗೆ, ಯಾವ ಮಿಲ್ಲು, ಯಾವ ಲಾಟು ಅಂತ ಕೇಳಬೇಕು. ಗಾಜಿನ ಬಟ್ಟೆ ಎಷ್ಟು, ಅಂಟು ಎಷ್ಟು ಅನ್ನೋದರ ಮೇಲೆ ಸಂಖ್ಯೆ ಬದಲಾಗುತ್ತೆ.

4.4 ಅಂದ್ಕೊಂಡಿದ್ದು ನಿಜದಲ್ಲಿ 4.6 ಇದ್ರೆ 2.45 ಹೋಗಿ ಸುಮಾರು 2.40ಕ್ಕೆ ಇಳಿಯುತ್ತೆ. ಇಂಥ ಪ್ಯಾಚ್ ಕೇಳಿಸ್ಕೊಳ್ಳೋ ಕಿಟಕಿ 60 ಮೆಗಾಹರ್ಟ್ಜ್ ಆಸುಪಾಸು, ಅಂದ್ರೆ ಬ್ಯಾಂಡಿನ ಮೇಲಿನ ಅರ್ಧ ಕಿವುಡು. ಇವನ ಬೋರ್ಡನ್ನ 3 ಗಿಗಾಹರ್ಟ್ಜ್‌ವರೆಗೆ ಅಳೆಯೋ ನ್ಯಾನೋವಿಎನ್‌ಎ ಇದ್ದವರ ಹತ್ತಿರ ಇಟ್ಟು ನೋಡಿದ್ವಿ. 2.39 ತೋರಿಸ್ತು. ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಹಾಕಿದ್ಮೇಲೆ 2.37. ತಮಾಷೆ ನೋಡಿ, ಹಾಳೆಯ ಸಂಖ್ಯೆ ಜಾಸ್ತಿಯಾದ್ರೂ, ಮುಚ್ಚಳ ಬಂದ್ರೂ, ಬೋರ್ಡು ತೇವ ಹೀರಿದ್ರೂ ಎಲ್ಲ ಒಂದೇ ಕಡೆ, ಕೆಳಕ್ಕೇ ಎಳೀತಾವೆ. ಗದ್ದೆಯಲ್ಲಂತೂ ಈ ಮೂರೂ ಒಟ್ಟಿಗೇ ಇರ್ತಾವೆ.

ಆಗ ಅವನಿಗೆ ಹೊಳೆದಿದ್ದು ನನಗೆ ಬಹಳ ಇಷ್ಟ ಆಯ್ತು. ಫ್ರೀಕ್ವೆನ್ಸಿ ಮೇಲೇರಬೇಕು ಅಂದ್ರೆ ಪ್ಯಾಚ್ ಗಿಡ್ಡ ಆಗಬೇಕು. ಫೀಡ್ ಇಲ್ಲದ ತುದಿಯಲ್ಲಿ ಬ್ಲೇಡಿನಿಂದ 1 ಮಿ.ಮೀ. ತಾಮ್ರ ಕೆರೆದ. ಮುಚ್ಚಳ ಹಾಕಿ ಅಳೆದ್ರೆ 2.45ಕ್ಕೆ ಬಂದು ಕೂತಿತ್ತು. 50 ಬೋರ್ಡನ್ನೂ ಹಾಗೇ ಕೆರೆದ, ಮೂರು ರಾತ್ರಿ.

ಇಲ್ಲಿಗೆ ಮುಗೀಲಿಲ್ಲ. ಗ್ರಾಫ್ ಚೆನ್ನಾಗಿ ಬಂತು ಅಂದ್ರೆ ಆಂಟೆನಾ ಚೆನ್ನಾಗಿದೆ ಅಂತ ಅಲ್ಲ. ಎಸ್11 ಅನ್ನೋ ಆ ಗ್ರಾಫ್, ಪವರ್ ವಾಪಸ್ ಬರಲಿಲ್ಲ ಅಂತ ಮಾತ್ರ ಹೇಳುತ್ತೆ. ಗಾಳಿಗೆ ಹೋಯ್ತಾ, ಹಾಳೆಯೊಳಗೆ ಬಿಸಿಯಾಗಿ ಹೋಯ್ತಾ ಅಂತ ಹೇಳಲ್ಲ. ಎಫ್‌ಆರ್-4ರ ಲಾಸ್ ಟ್ಯಾಂಜೆಂಟ್ ಸುಮಾರು 0.02. ಈ ದಪ್ಪದಲ್ಲಿ ಹೆಚ್ಚುಕಮ್ಮಿ ಅರ್ಧ ಪವರ್ ಹಾಳೆಗೇ ದಾನ. ಕಿಟಕಿ ಅಗಲ ಕಾಣೋದಕ್ಕೂ ಈ ಸೋರಿಕೆಯೇ ಒಂದು ಕಾರಣ! ರೋಜರ್ಸ್ ಕಂಪನಿಯ ಆರ್‌ಟಿ ಡ್ಯೂರಾಯ್ಡ್ 5880ಗೆ ಅದೇ ಸಂಖ್ಯೆ 0.0009. ಅಲ್ಲಿ ಬಹುಪಾಲು ಪವರ್ ಗಾಳಿಗೇ ಹೋಗುತ್ತೆ. ಆದರೆ ಪ್ಯಾಚ್ ಉದ್ದ 40 ಮಿ.ಮೀ. ದಾಟುತ್ತೆ, ಹಾಳೆಯ ಬೆಲೆ ಹಲವು ಪಟ್ಟು.

ಈಗ ನನ್ನ ಬಿ.ಕಾಂ. ಬುದ್ಧಿ. ಅರ್ಧ ಪವರ್ ಹೋದ್ರೆ ದೂರ ಅರ್ಧ ಆಗಲ್ಲ. ಬಯಲಿನ ಲೆಕ್ಕದಲ್ಲಿ 1000 ಮೀಟರ್ ಹೋಗೋದು ಸುಮಾರು 700 ಮೀಟರ್‌ಗೆ ನಿಲ್ಲುತ್ತೆ. ಆ 300 ಮೀಟರ್ ನಿಮಗೆ ಬೇಕಾ? ಸಿರುಗುಪ್ಪದ ಮಟ್ಟಸ ಗದ್ದೆಯಲ್ಲಿ ಆಂಟೆನಾನ ಇನ್ನೊಂದು ಮೀಟರ್ ಉದ್ದದ ಕೋಲಿಗೆ ಕಟ್ಟೋದು ಅಗ್ಗ. ಕುರುಗೋಡಲ್ಲಿ ಬೆಟ್ಟ ಅಡ್ಡ ಬಂದ್ರೆ ರೋಜರ್ಸ್ ಹಾಳೆಯೂ ಬಂಡೆ ತೂರಿ ಹೋಗಲ್ಲ, ಅಲ್ಲಿ ನಡುವೆ ಇನ್ನೊಂದು ನೋಡ್ ಇಡಬೇಕು. ಹಾಗಾಗಿ ಇವನ ಕೆಲಸಕ್ಕೆ ಎಫ್‌ಆರ್-4 ಸಾಕು ಅನ್ನೋದು ನನ್ನ ಅಭಿಪ್ರಾಯ. ಸ್ಯಾಟಲೈಟ್‌ಗೋ ರಾಡಾರ್‌ಗೋ ಮಾಡೋವಾಗ ಈ ಮಾತು ನಡೆಯಲ್ಲ.

ಕೆಲವರು 865ರಿಂದ 867 ಮೆಗಾಹರ್ಟ್ಜ್‌ನ ಲೋರಾಗೂ ಎಫ್‌ಆರ್-4 ಪ್ಯಾಚ್ ಮಾಡೋಣ ಅಂತಾರೆ. ಬೇಡ. ಅಂಗೈಗಿಂತ ದೊಡ್ಡದಾಗುತ್ತೆ, ಅಲೆಗೆ ಹೋಲಿಸಿದ್ರೆ ಹಾಳೆ ಇನ್ನೂ ತೆಳುವಾಗಿ ನಷ್ಟ ಹೆಚ್ಚಾಗುತ್ತೆ. ಅಲ್ಲಿ ಎರಡು ಲೋಹದ ತಗಡಿನ ನಡುವೆ ಒಂದು ಸೆಂಟಿಮೀಟರ್ ಖಾಲಿ ಜಾಗ ಬಿಡಿ. ಗಾಳಿಯೂ ಸಬ್‌ಸ್ಟ್ರೇಟೇ, ಬೆಲೆ ಸೊನ್ನೆ, ನಷ್ಟವೂ ಹತ್ತಿರ ಹತ್ತಿರ ಸೊನ್ನೆ.

ಲೈಸೆನ್ಸ್ ದುಡ್ಡಿಲ್ಲ ಅನ್ನೋರಿಗೆ ಓಪನ್‌ಇಎಂಎಸ್ ಪೂರ್ತಿ ಉಚಿತ, ಕಲಿಯೋಕೆ ಸ್ವಲ್ಪ ಹಟ ಬೇಕು. ಯಾವುದೇ ಸಾಫ್ಟ್‌ವೇರ್ ಇರಲಿ, 4.4 ಅಂತ ಒಂದೇ ಸಲ ಓಡಿಸ್ಬೇಡಿ. 4.2ರಿಂದ 4.7ವರೆಗೆ ಓಡಿಸಿ, ಮುಚ್ಚಳವನ್ನೂ ಬರೆದು ಸೇರಿಸಿ. ಬೋರ್ಡ್ ಮಾಡೋರ ಹತ್ತಿರ "ಎಫ್‌ಆರ್-4, 1.6" ಅಂತ ಮಾತ್ರ ಹೇಳದೆ, ಯಾವ ಕಂಪನಿಯ ಯಾವ ಹಾಳೆ ಅಂತ ಕೇಳಿ. ಮೊದಲು ಐದೇ ಬೋರ್ಡ್ ತರಿಸಿ, ಅಳೆಯಿರಿ.

ಸಿರುಗುಪ್ಪದ ಹುಡುಗ ಈಗ ಎರಡನೇ ಲಾಟಿಗೆ ಐದು ಉದ್ದಗಳಲ್ಲಿ ಐದು ಪ್ಯಾಚ್ ಕಳಿಸಿದಾನೆ, ಒಂದಕ್ಕೊಂದು ಅರ್ಧ ಮಿ.ಮೀ. ವ್ಯತ್ಯಾಸ. ಪಾರ್ಸೆಲ್ ಇನ್ನೂ ಬಂದಿಲ್ಲ. ಬಂದ ಮೇಲೆ ಅಳತೆಗಳನ್ನ ಇದೇ ಚಾನೆಲ್‌ನಲ್ಲಿ ಓದಿ ಹೇಳ್ತೀನಿ.