ಪಂಚಾಯಿತಿಗೆ ಬಂದ ಎಳೆ ಮನೆಗೂ ಬರಲಿ
(ದಂಡಿನಶಿವರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ತೆಂಗಿನ ತೋಟಕ್ಕೂ ಇಂಟರ್ನೆಟ್ಟಿಗೂ ಏನು ಸಂಬಂಧ ಎಂದು ಕೇಳುವ ಕಾಲ ಹೋಯಿತು. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಯ ಟೆಂಡರು ಕಂಪ್ಯೂಟರಿನಲ್ಲಿ ನಡೆಯುತ್ತದೆ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆಯಿತ್ತು. ಅದು ಕೈಸೇರಲು ರೈತ ಮೊದಲು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕಾಯಿತು. ಆ ಸಾಲಿನಲ್ಲಿ ನಿಂತವರು ಈ ಸಭೆಯಲ್ಲೂ ಇದ್ದೀರಿ. ಸಂಪರ್ಕ ಕಡಿದರೆ ಯಂತ್ರ ಸುಮ್ಮನಾಗುತ್ತದೆ, ಒಂದು ದಿನದ ಕಾಯಕ ಮುಳುಗುತ್ತದೆ. ಪಡಿತರ, ಪಹಣಿಗೂ ಇದೇ ಗತಿ.

ಇದಕ್ಕೆ ಸರ್ಕಾರ ಹಣ ಇಟ್ಟಿಲ್ಲವೆಂದಲ್ಲ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯ ಕೇಬಲ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. 2023ರಲ್ಲಿ ಕೇಂದ್ರ ಸಂಪುಟ ಅದನ್ನು ತಿದ್ದಿ 1,39,579 ಕೋಟಿ ರೂಪಾಯಿಗೆ ಮಂಜೂರಾತಿ ಕೊಟ್ಟಿತು.

ಈ ಹಣ ಯಾರದು? ದೂರವಾಣಿ ಕಂಪನಿಗಳು ಲೆಕ್ಕಕ್ಕೆ ಬರುವ ಆದಾಯದಲ್ಲಿ ನೂರಕ್ಕೆ ಐದು ರೂಪಾಯಿಯನ್ನು ಗ್ರಾಮೀಣ ಸಂಪರ್ಕದ ನಿಧಿಗೆ ಕಟ್ಟುತ್ತವೆ. ಆ ಆದಾಯ ನಾವು ಮಾಡಿಸುವ ರೀಚಾರ್ಜು. ಕುರಿ ಕಾಯುವವನ ಕಾಸೂ ಅದರಲ್ಲಿದೆ. ಆದ್ದರಿಂದ ಇದು ಯಾರ ಕೃಪೆಯೂ ಅಲ್ಲ, ನಮ್ಮ ಹಕ್ಕು.

ಹಳೆಯ ಕೇಬಲ್ ಒಂದೇ ದಾರಿಯಲ್ಲಿ ಬರುತ್ತಿತ್ತು. ರಸ್ತೆಗೋ ನೀರಿನ ಪೈಪಿಗೋ ಅಗೆದಾಗ ತುಂಡಾದರೆ ಮುಂದಿನ ಊರೆಲ್ಲ ಕತ್ತಲು. ಹೊಸ ಯೋಜನೆಯಲ್ಲಿ ಕೇಬಲ್ಲನ್ನು ಬಳೆಯಂತೆ ಸುತ್ತಿಸುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಹರಿಯುತ್ತದೆ. ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೂ ಸಂಪರ್ಕವುಂಟು. ಆದರೆ ಅಲ್ಲೊಂದು ಮಾತಿದೆ: ಬೇಡಿಕೆ ಬಂದರೆ!

ಕೇಳದಿದ್ದರೆ ಬಾರದು ಎಂದು ಯೋಜನೆಯೇ ಹೇಳುತ್ತಿರುವಾಗ ನಾವು ಸುಮ್ಮನಿರುವುದು ತರವೆ? ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂಬುದು ಕಾನೂನು. ಅಲ್ಲಿ ಮೂರು ಪ್ರಶ್ನೆ ಕೇಳೋಣ. ಪಂಚಾಯಿತಿಯ ಸಂಪರ್ಕ ಇಂದು ನಡೆಯುತ್ತಿದೆಯೆ? ಕಡಿದರೆ ಸರಿಪಡಿಸುವ ಹೊಣೆ ಯಾರದು? ಶಾಲೆ, ಆರೋಗ್ಯ ಕೇಂದ್ರ, ಹಟ್ಟಿ, ಕಾಲೊನಿಗಳಿಗೆ ಎಂದು? ಉತ್ತರವನ್ನು ನಡಾವಳಿಯಲ್ಲಿ ಬರೆಸೋಣ.

ದೊಡ್ಡ ಮನೆಗೆ ಮೊದಲು, ಕೇರಿಗೆ ಕೊನೆಗೆ ಎಂಬ ಹಳೆಯ ಸಾಲು ಈ ಎಳೆಗೂ ಅಂಟದಿರಲಿ. ಕೊನೆಯ ಮನೆಗೆ ಮುಟ್ಟಿದ ದಿನವೇ ಅದು ಊರಿಗೆ ಬಂತೆಂದು ಲೆಕ್ಕ.